ಮಾತ್ರೆ ಒಬ್ಬರದು, ಎಚ್ಚರಿಕೆ ಇನ್ನೊಬ್ಬರದು

2010ರ ಜುಲೈ ತಿಂಗಳ ಒಂದು ಮಧ್ಯಾಹ್ನ. ಚಿಕಾಗೋದ ಮೆಟ್ರೋ ನಿಲ್ದಾಣದಲ್ಲಿ 57 ವರ್ಷದ ವಕೀಲರೊಬ್ಬರು ಪ್ಲಾಟ್‌ಫಾರ್ಮಿನ ಮೇಲೆ ಅತ್ತಿಂದಿತ್ತ, ಇತ್ತಿಂದತ್ತ ಓಡಾಡುತ್ತಲೇ ಇದ್ದರು. ಅಲ್ಲಿದ್ದ ನರ್ಸ್ ಒಬ್ಬರ ಕಣ್ಣಿಗೆ ಆ ಚಡಪಡಿಕೆ ಬಿತ್ತು. ಸ್ವಲ್ಪ ಹೊತ್ತಿಗೆ ಆ ವಕೀಲರು ತಾವೇ ಪ್ರಾಣ ಕಳೆದುಕೊಂಡರು. ಖಿನ್ನತೆಗೆಂದು ಡಾಕ್ಟರು ಬರೆದುಕೊಟ್ಟ ಪ್ಯಾರಾಕ್ಸೆಟಿನ್ ಮಾತ್ರೆ ಶುರುಮಾಡಿ ಇನ್ನೂ ವಾರ ತುಂಬಿರಲಿಲ್ಲ.

ಇಂಥ ಮಾತ್ರೆಗಳಿಂದಲೂ ಬರಬಹುದಾದ ಈ ಚಡಪಡಿಕೆಗೆ ವೈದ್ಯಶಾಸ್ತ್ರದಲ್ಲಿ ಅಕತೀಸಿಯಾ ಎಂಬ ಹೆಸರಿದೆ. ಗ್ರೀಕ್ ಮೂಲದ ಈ ಪದದ ಅರ್ಥ ‘ಕೂರಲಾಗದಿರುವುದು’. ಪ್ರಾಗ್‌ನ ನರತಜ್ಞ ಲಾಡಿಸ್ಲಾವ್ ಹಾಸ್ಕೊವೆಟ್ಸ್ 1901ರಲ್ಲೇ, ಅಂದರೆ ಈ ಮಾತ್ರೆಗಳು ಹುಟ್ಟುವುದಕ್ಕೆ ಎಷ್ಟೋ ದಶಕ ಮೊದಲೇ, ಈ ಹೆಸರಿಟ್ಟಿದ್ದರು. ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಮೈಯೊಳಗೆ ಏನೋ ಕುದಿಯುತ್ತಿರುವಂಥ ಸಂಕಟ. ಹೊರಗಿನವರಿಗೆ ಇದು ಬರೀ ಗಾಬರಿಯಂತೆ ಕಾಣುತ್ತದೆ. ಮೊದಲೇ ಕುಗ್ಗಿದ ಮನಸ್ಸಿಗೆ ಇದೂ ಸೇರಿದರೆ ಬದುಕೇ ಬೇಡವೆನಿಸಬಹುದು.

ಪ್ಯಾರಾಕ್ಸೆಟಿನ್ ಸೇರಿರುವ, ಎಸ್‌ಎಸ್‌ಆರ್‌ಐ ಎಂದು ಕರೆಯುವ ಗುಂಪಿನ ಮಾತ್ರೆಗಳು ಮಿದುಳಿನ ನರಕೋಶಗಳ ನಡುವೆ ಸಂದೇಶ ಸಾಗಿಸುವ ಸಿರೊಟೋನಿನ್, ಕೆಲಸ ಮುಗಿದ ಕೂಡಲೇ ಹಿಂದಕ್ಕೆ ಹೀರಿಹೋಗದಂತೆ ತಡೆಯುತ್ತವೆ. ಈ ತಡೆ ಕೆಲವೇ ಗಂಟೆಗಳಲ್ಲಿ ಶುರುವಾಗುತ್ತದೆ. ಆದರೆ ಮನಸ್ಸು ಹಗುರಾಗಲು ಎರಡು ವಾರವಾದರೂ ಬೇಕು, ಎಷ್ಟೋ ಜನರಿಗೆ ನಾಲ್ಕು ವಾರ. ಔಷಧ ಮೈಗೆ ಸೇರಿದೆ, ಗುಣ ಮಾತ್ರ ಇನ್ನೂ ಕಂಡಿಲ್ಲ ಎನ್ನುವ ಆ ನಡುವಿನ ದಿನಗಳ ಮೇಲೆ ಕಣ್ಣಿಡಬೇಕು.

ಈ ಮಾತ್ರೆಗಳಿಂದ ಬದುಕಿಗೆ ಮರಳಿದವರು ಲೆಕ್ಕವಿಲ್ಲದಷ್ಟು ಜನ. ಆತ್ಮಹತ್ಯೆಯ ಯೋಚನೆ ಖಿನ್ನತೆಯದೇ ಲಕ್ಷಣವೂ ಹೌದು. ಹಾಗಾಗಿ ನಡೆದದ್ದು ರೋಗದ ಕೆಲಸವೋ ಮದ್ದಿನ ಕೆಲಸವೋ ಎಂದು ಒಂದೇ ಸಾವನ್ನು ನೋಡಿ ಹೇಳಲಾಗದು. ಔಷಧ ಕಂಪನಿಗಳ ವಕೀಲರು ಕೋರ್ಟಿನಲ್ಲಿ ಮೊದಲು ಎತ್ತುವ ಮಾತೂ ಇದೇ. ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿ 1998ರಲ್ಲಿ ಪ್ಯಾರಾಕ್ಸೆಟಿನ್ ಶುರುಮಾಡಿದ ಎರಡೇ ದಿನದಲ್ಲಿ 60 ವರ್ಷದ ವ್ಯಕ್ತಿಯೊಬ್ಬ ಹೆಂಡತಿ, ಮಗಳು ಮತ್ತು ಹಸುಗೂಸು ಮೊಮ್ಮಗಳನ್ನು ಕೊಂದು ತಾನೂ ಸತ್ತ. 2001ರಲ್ಲಿ ಅಲ್ಲಿನ ಜ್ಯೂರಿ ಆ ವಾದವನ್ನು ಒಪ್ಪಲಿಲ್ಲ. ಹೊಣೆಯಲ್ಲಿ ಶೇ. 80 ಪಾಲು ಔಷಧ ಕಂಪನಿಯದೆಂದು ಹೇಳಿ 64 ಲಕ್ಷ ಡಾಲರ್ ಕೊಡಿಸಿತು.

ಒಂದೊಂದು ಸಾವು ಬಿಡಿಸಿ ಹೇಳದ ಸತ್ಯವನ್ನು ಸಾವಿರಾರು ಜನರ ಲೆಕ್ಕ ಹೇಳೀತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮಕ್ಕಳು ಮತ್ತು ಹದಿಹರೆಯದವರ ಮೇಲೆ ನಡೆದ 24 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿತು. ಅವುಗಳಲ್ಲಿ ಭಾಗವಹಿಸಿದ್ದವರು ಸುಮಾರು 4,400. ಬರೀ ಹುಸಿ ಮಾತ್ರೆ ನುಂಗಿದವರಲ್ಲಿ ಶೇ. 2ರಷ್ಟು ಮಂದಿಗೆ ಆತ್ಮಹತ್ಯೆಯ ಯೋಚನೆಯೋ ವರ್ತನೆಯೋ ಕಂಡಿದ್ದರೆ, ನಿಜವಾದ ಮಾತ್ರೆ ನುಂಗಿದವರಲ್ಲಿ ಅದು ಶೇ. 4. ಸಾವು ಒಂದೂ ಆಗಿರಲಿಲ್ಲ. 2004ರಲ್ಲಿ ಖಿನ್ನತೆಯ ಎಲ್ಲ ಔಷಧಗಳ ಮಾಹಿತಿ ಹಾಳೆಯಲ್ಲೂ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಲು ಸಂಸ್ಥೆ ಆದೇಶಿಸಿತು. 2007ರಲ್ಲಿ ಅದನ್ನು 24 ವರ್ಷದವರೆಗಿನ ತರುಣರಿಗೂ ವಿಸ್ತರಿಸಿತು. ಆ ವಯಸ್ಸು ದಾಟಿದವರಲ್ಲಿ ಅಪಾಯ ಹೆಚ್ಚಿದ್ದು ಕಂಡಿಲ್ಲ ಎಂದೂ ಆ ಹಾಳೆಯಲ್ಲಿತ್ತು.

ಚಿಕಾಗೋದ ಆ ವಕೀಲರ ಸಾವಿನ ಬಗ್ಗೆ ಮುಂದೆ ನಡೆದ ಮೊಕದ್ದಮೆ ನಿಂತಿದ್ದು ಈ ಒಂದು ಸಾಲಿನ ಮೇಲೆ.

ಪ್ಯಾರಾಕ್ಸೆಟಿನ್ ಅನ್ನು ಪ್ಯಾಕ್ಸಿಲ್ ಎಂಬ ಹೆಸರಿನಲ್ಲಿ ಮಾರುತ್ತಿದ್ದದ್ದು ಗ್ಲಾಕ್ಸೊಸ್ಮಿತ್‌ಕ್ಲೈನ್. ಖಿನ್ನತೆಯಿದ್ದ ವಯಸ್ಕರ ಮೇಲೆ ನಡೆದ ಪ್ರಯೋಗಗಳನ್ನು ಆ ಕಂಪನಿಯೇ 2006ರಲ್ಲಿ ಮತ್ತೆ ಲೆಕ್ಕ ಹಾಕಿತ್ತು. ಮಾತ್ರೆ ನುಂಗಿದ 3,455 ಜನರಲ್ಲಿ 11 ಮಂದಿಯಲ್ಲಿ ಆತ್ಮಹತ್ಯೆಯ ವರ್ತನೆ ಕಂಡಿತ್ತು. ಹುಸಿ ಮಾತ್ರೆ ನುಂಗಿದ 1,978 ಜನರಲ್ಲಿ ಒಬ್ಬರಲ್ಲಿ ಮಾತ್ರ. ಸಂಖ್ಯೆ ಸಣ್ಣದೇ, ಆದರೆ ಅಂತರ ಆರು ಪಟ್ಟಿಗೂ ಮೇಲೆ. ಕಂಪನಿ ಇದನ್ನು ತನ್ನ ಹಾಳೆಯಲ್ಲಿ ಸೇರಿಸಿತು. ಮರುವರ್ಷ ಎಲ್ಲ ಕಂಪನಿಗಳ ಹಾಳೆಗೂ ಒಂದೇ ಒಕ್ಕಣೆ ಇರಲೆಂದು ಎಫ್‌ಡಿಎ ಪಟ್ಟು ಹಿಡಿದಾಗ ಆ ಮಾತು ಅಳಿದುಹೋಯಿತು.

ಸತ್ತ ವಕೀಲರು ನುಂಗಿದ್ದು ಪ್ಯಾಕ್ಸಿಲ್ ಕೂಡ ಅಲ್ಲ. ಮೈಲಾನ್ ಎಂಬ ಬೇರೆ ಕಂಪನಿ ತಯಾರಿಸಿದ ಅದೇ ಮದ್ದಿನ ಜೆನೆರಿಕ್ ಮಾತ್ರೆ. ಜೆನೆರಿಕ್ ತಯಾರಕರು ಮೂಲ ಕಂಪನಿಯ ಹಾಳೆಯನ್ನು ಅಕ್ಷರವೂ ಬದಲಿಸದೆ ಅಚ್ಚುಹಾಕಬೇಕು. ಹಾಗಾಗಿ ಎಚ್ಚರಿಕೆ ಕೊಡಲಿಲ್ಲವೆಂದು ಅವರ ಮೇಲೆ ದಾವೆ ಹೂಡುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿತ್ತು. ವಕೀಲರ ಪತ್ನಿ ಹಾಳೆಯ ಒಕ್ಕಣೆ ಬರೆದ ಗ್ಲಾಕ್ಸೊ ಮೇಲೆಯೇ ಮೊಕದ್ದಮೆ ಹಾಕಿದರು. 2017ರಲ್ಲಿ ಜ್ಯೂರಿ ಅವರಿಗೆ 30 ಲಕ್ಷ ಡಾಲರ್ ಪರಿಹಾರ ಘೋಷಿಸಿತು. ಮರುವರ್ಷವೇ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು: ಎಫ್‌ಡಿಎ ಬೇಡವೆಂದ ಎಚ್ಚರಿಕೆಯನ್ನು ಸೇರಿಸಲಿಲ್ಲವೆಂದು ಕಂಪನಿಯನ್ನು ಹೊಣೆ ಮಾಡಲಾಗದು. 2019ರಲ್ಲಿ ಸುಪ್ರೀಂ ಕೋರ್ಟ್ ಮನವಿಯನ್ನು ಕೈಗೆತ್ತಿಕೊಳ್ಳಲೇ ಇಲ್ಲ. ಮಾತ್ರೆ ಮಾಡಿದವನಿಗೆ ಹಾಳೆ ತಿದ್ದುವ ಹಕ್ಕಿಲ್ಲ, ಹಾಳೆ ಬರೆದವನಿಗೆ ನಿಯಂತ್ರಕರ ಒಪ್ಪಿಗೆಯಿಲ್ಲ, ಪತ್ನಿಯ ಕೈಗೆ ಬಂದದ್ದು ಏನೂ ಇಲ್ಲ. ಕಾನೂನಿನ ತರ್ಕ ಸರಿಯಿರಬಹುದು, ಇದನ್ನು ನ್ಯಾಯವೆನ್ನಲು ಮನಸ್ಸು ಒಪ್ಪದು.

ಪ್ಯಾರಾಕ್ಸೆಟಿನ್ ಮತ್ತು ಅದರ ಗುಂಪಿನ ಮಾತ್ರೆಗಳು ನಮ್ಮ ಮೆಡಿಕಲ್ ಶಾಪುಗಳಲ್ಲೂ ಸಿಗುತ್ತವೆ. ಹೊಸದಾಗಿ ಶುರುಮಾಡಿದವರಲ್ಲಿ, ಅಥವಾ ಡೋಸ್ ಬದಲಿಸಿದಾಗ, ಹಿಂದಿಲ್ಲದ ಚಡಪಡಿಕೆ, ನಿದ್ರೆಗೇಡು, ಸಾಯುವ ಮಾತು ಕಂಡರೆ ಮನೆಯವರು ಅದೇ ದಿನ ಡಾಕ್ಟರಿಗೆ ತಿಳಿಸಬೇಕು. ಮಾತ್ರೆಯನ್ನು ತಾವಾಗಿಯೇ ಒಮ್ಮೆಲೇ ನಿಲ್ಲಿಸುವುದು ಬೇಡ, ಅದರಿಂದಲೂ ತೊಂದರೆಯಿದೆ. ಔಷಧದ ಅಡ್ಡ ಪರಿಣಾಮವನ್ನು 1800-180-3024ಕ್ಕೆ ಉಚಿತವಾಗಿ ಕರೆಮಾಡಿ ಯಾರು ಬೇಕಾದರೂ ದಾಖಲಿಸಬಹುದು. ಮನಸ್ಸಿನ ಸಂಕಟ ಹೇಳಿಕೊಳ್ಳಲು ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿಯೂ ತೆರೆದಿರುತ್ತದೆ, ಕನ್ನಡದಲ್ಲೇ ಮಾತನಾಡಬಹುದು.