ಸೆರೆಕೋಣೆಯೊಳಗೆ 300 ಕ್ಯಾನರಿಗಳು

ಅಮೆರಿಕದ ಕಾನ್ಸಾಸ್ ರಾಜ್ಯದ ಲೆವೆನ್‌ವರ್ತ್ ಜೈಲು. ಕೊಲೆಗಡುಕರು, ದರೋಡೆಕೋರರು ತುಂಬಿದ್ದ ಆ ಭಾರಿ ಕಟ್ಟಡದಲ್ಲಿ, ಯಾರೊಂದಿಗೂ ಬೆರೆಯಬಾರದೆಂದು ಬೇರ್ಪಡಿಸಿಟ್ಟ ಕೈದಿಯ ಕೋಣೆಯಿಂದ ಕೇಳಿಸುತ್ತಿದ್ದದ್ದು ಏನು ಗೊತ್ತೇ? ಹಕ್ಕಿಗಳ ಚಿಲಿಪಿಲಿ! ಒಂದೆರಡಲ್ಲ, ಎಣಿಸಿದರೆ ಸುಮಾರು 300 ಕ್ಯಾನರಿಗಳು. ಅವುಗಳ ನಡುವೆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಕೂತ ಸಣಕಲು ಮನುಷ್ಯ. ಹೆಸರು ರಾಬರ್ಟ್ ಸ್ಟ್ರೌಡ್. ಓದಿದ್ದು ಮೂರನೇ ತರಗತಿ. ಮಾಡಿದ್ದು ಎರಡು ಕೊಲೆ. ಬರೆದದ್ದು ಹಕ್ಕಿಗಳ ರೋಗಗಳ ಬಗ್ಗೆ ಎರಡು ಪುಸ್ತಕ!

ಅವನ ಕತೆ ಕೆದಕುತ್ತಾ ಹೋದಷ್ಟೂ ಬೆರಗು ಹೆಚ್ಚುತ್ತದೆ. 1890ರಲ್ಲಿ ಸಿಯಾಟಲ್‌ನಲ್ಲಿ ಹುಟ್ಟಿದವನು ಹದಿಮೂರಕ್ಕೇ ಮನೆ ಬಿಟ್ಟು ಓಡಿದ. 1909ರಲ್ಲಿ ಅಲಾಸ್ಕಾದ ಜೂನೋದಲ್ಲಿ ಒಬ್ಬನನ್ನು ಗುಂಡಿಟ್ಟು ಕೊಂದು 12 ವರ್ಷದ ಶಿಕ್ಷೆ ಪಡೆದ. ಜೈಲಿನಲ್ಲೂ ಅವನ ಸಿಟ್ಟು ತಣ್ಣಗಾಗಲಿಲ್ಲ. 1916ರ ಮಾರ್ಚ್ 26ರಂದು ಲೆವೆನ್‌ವರ್ತ್‌ನ ಊಟದ ಮನೆಯಲ್ಲಿ, ಸಾವಿರಕ್ಕೂ ಹೆಚ್ಚು ಕೈದಿಗಳ ಕಣ್ಣೆದುರಿಗೇ, ಕಾವಲುಗಾರ ಆಂಡ್ರ್ಯೂ ಟರ್ನರ್‌ಗೆ ಚಾಕು ಹಾಕಿದ. ಎಂಟು ವರ್ಷದಿಂದ ಕಾಣದಿದ್ದ ತಮ್ಮನ ಭೇಟಿ ಆ ಕಾವಲುಗಾರನ ದೂರಿನಿಂದ ತಪ್ಪಿಹೋಗುತ್ತದೆ ಎಂಬುದು ಅವನ ರೋಷಕ್ಕೆ ಕಾರಣ. ಅಷ್ಟಕ್ಕೆ ಒಂದು ಜೀವ ಹೋಯಿತು. ಈ ಮಾತನ್ನು ಮರೆಸಿ ಸ್ಟ್ರೌಡ್‌ನ ಕತೆ ಹೇಳಬಾರದು.

ಗಲ್ಲುಶಿಕ್ಷೆಯಾಯಿತು. ತಾಯಿ ಎಲಿಜಬೆತ್ ಕಾಡಿಬೇಡಿದಳು. ನೇಣಿಗೆ ಕೆಲವೇ ದಿನ ಉಳಿದಿದ್ದಾಗ, 1920ರಲ್ಲಿ, ಅಧ್ಯಕ್ಷ ವುಡ್ರೋ ವಿಲ್ಸನ್ ಅದನ್ನು ಜೀವಾವಧಿಗೆ ಇಳಿಸಿದರು. ಜೀವ ಉಳಿಯಿತು, ಆದರೆ ಸಾಯುವ ತನಕ ಒಂಟಿ ಕೋಣೆಯೇ ಗತಿ ಎಂದು ಜೈಲಿನವರು ತೀರ್ಮಾನಿಸಿಬಿಟ್ಟರು.

ಅದೇ ವರ್ಷ ಜೈಲಿನ ಅಂಗಳದಲ್ಲಿ ಅವನಿಗೆ ಕಂಡದ್ದು ಕೆಳಗೆ ಬಿದ್ದ ಒಂದು ಗೂಡು, ಅದರಲ್ಲಿ ಪೆಟ್ಟಾದ ಮೂರು ಗುಬ್ಬಿಮರಿಗಳು. ಎತ್ತಿ ತಂದ, ತಿನ್ನಿಸಿದ, ಬದುಕಿಸಿದ. ಅಲ್ಲಿಂದ ಶುರು! ಗುಬ್ಬಿಗಳ ನಂತರ ಕ್ಯಾನರಿಗಳು ಬಂದವು, ಮೊಟ್ಟೆಯಿಟ್ಟವು, ಮರಿ ಮಾಡಿದವು. ಹೊಸ ವಾರ್ಡನ್ ಪಂಜರಕ್ಕೂ ಪ್ರಯೋಗದ ಸಾಮಾನಿಗೂ ಒಪ್ಪಿಗೆ ಕೊಟ್ಟರು. ಹಕ್ಕಿಗಳು ಕಾಯಿಲೆ ಬಿದ್ದು ಸಾಯತೊಡಗಿದಾಗ ಸ್ಟ್ರೌಡ್ ಪುಸ್ತಕ ತರಿಸಿ ಓದಿದ, ಸತ್ತವನ್ನು ಕುಯ್ದು ನೋಡಿದ, ಔಷಧ ಬೆರೆಸಿದ, ಫಲಿಸದಿದ್ದರೆ ಮತ್ತೆ ಬೆರೆಸಿದ.

ಕ್ಯಾನರಿ ಎಷ್ಟು ಪುಟ್ಟ ಜೀವ ಎಂದರೆ, ಅದರ ತೂಕ ಇಪ್ಪತ್ತು ಗ್ರಾಂ ಆಸುಪಾಸು. ಎದೆಬಡಿತ ನಿಮಿಷಕ್ಕೆ ನೂರಾರು. ಕಾಯಿಲೆ ಬಂದರೂ ಅದು ಹೇಳಿಕೊಳ್ಳುವುದಿಲ್ಲ. ಬೇಟೆಗೆ ಈಡಾಗುವ ಹಕ್ಕಿಗೆ ನಿತ್ರಾಣ ತೋರಿಸಿಕೊಂಡರೆ ಅಪಾಯ. ಗರಿ ಕೆದರಿಕೊಂಡು ಮುದ್ದೆಯಾಗಿ ಕೂತದ್ದು ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಬಹಳ ಸಲ ಕೈಮೀರಿರುತ್ತದೆ. ಹಾಗಾಗಿ ಹಕ್ಕಿವೈದ್ಯಕ್ಕೆ ಮೊದಲು ಬೇಕಾದದ್ದು ಸೂಕ್ಷ್ಮ ನೋಟ: ಹಿಕ್ಕೆಯ ಬಣ್ಣ ಬದಲಾಯಿತೇ, ಬಾಲ ಉಸಿರಿನೊಂದಿಗೆ ಏರಿಳಿಯುತ್ತಿದೆಯೇ, ನಿನ್ನೆ ಹಾಡಿದ್ದು ಇವತ್ತು ಸುಮ್ಮನಿದೆಯೇ? ಹೊರಗಿನ ವೈದ್ಯ ರೋಗಿಯನ್ನು ಒಂದಿಷ್ಟು ಹೊತ್ತು ನೋಡಿ ಮನೆಗೆ ಹೋಗುತ್ತಾನೆ. ಸ್ಟ್ರೌಡ್ ಎಲ್ಲಿಗೆ ಹೋಗಬೇಕು? ಅವನ ಉಣ್ಣುವ, ಮಲಗುವ, ಏಳುವ ಜಾಗವೂ ಅದೇ ಕೋಣೆ. ರೋಗಿಗಳ ನಡುವೆಯೇ ಅವನ ಹಗಲು, ಅಲ್ಲೇ ರಾತ್ರಿ!

1933ರಲ್ಲಿ, ಜೈಲಿನಿಂದ ಗುಟ್ಟಾಗಿ ಹೊರಗೆ ಸಾಗಿಸಿದ ಹಸ್ತಪ್ರತಿಯೊಂದು ಕ್ಯಾನರಿಗಳ ರೋಗಗಳ ಪುಸ್ತಕವಾಗಿ ಅಚ್ಚಾಯಿತು. 1943ರಲ್ಲಿ ಇನ್ನೂ ದೊಡ್ಡದೊಂದು, ಪಕ್ಷಿರೋಗಗಳ ಸಂಗ್ರಹ ಗ್ರಂಥ. ಆ್ಯಂಟಿಬಯಾಟಿಕ್‌ಗಳು ಇನ್ನೂ ಅಂಗಡಿಗೆ ಬಾರದ ಕಾಲವದು. ಹಕ್ಕಿ ಸಾಕುವವರು ದೇಶದ ಮೂಲೆಮೂಲೆಯಿಂದ ಕಾಗದ ಬರೆದು ಅವನ ಸಲಹೆ ಕೇಳುತ್ತಿದ್ದರು.

ಜೈಲಿನವರಿಗೂ ಅವರದೇ ಕಷ್ಟವಿತ್ತು. ಕೋಣೆಯ ತುಂಬ ಕಾಳಿನ ಹೊಟ್ಟು, ಹಿಕ್ಕೆ, ಪಂಜರ. ಇನ್ನು ತಪಾಸಣೆ ಮಾಡುವುದು ಹೇಗೆ? 1931ರಲ್ಲಿ ಹಕ್ಕಿಗಳಿಗೆ ಕುತ್ತು ಬಂತು. ಆಗ ಹಕ್ಕಿಪ್ರಿಯರೆಲ್ಲ ಎದ್ದುನಿಂತರು. ಅಧ್ಯಕ್ಷ ಹೂವರ್ ಅವರಿಗೆ ಹೋದ ಮನವಿಯ ಮೇಲೆ 50,000 ಸಹಿ ಬಿದ್ದವಂತೆ! ಹಕ್ಕಿಗಳು ಉಳಿದವು. ಅವುಗಳಿಗೆಂದು ಪಕ್ಕದ ಕೋಣೆಯೂ ಸಿಕ್ಕಿತು. ಮುಂದೆ ಅದೇ ಪ್ರಯೋಗದ ಸಾಮಾನಿನಲ್ಲಿ ಸ್ಟ್ರೌಡ್ ಕಳ್ಳಭಟ್ಟಿ ಇಳಿಸುತ್ತಿದ್ದದ್ದೂ ಬಯಲಾಯಿತು. ಅವನು ಸಂತನಾಗಿರಲಿಲ್ಲ.

1942ರ ಡಿಸೆಂಬರಿನಲ್ಲಿ ಅವನನ್ನು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ನಡುಗಡ್ಡೆ ಅಲ್ಕಟ್ರಾಜ್‌ಗೆ ಸಾಗಿಸಿದರು. ಅಲ್ಲಿ ಅವನು 594ನೇ ನಂಬರಿನ ಕೈದಿ. ಹಕ್ಕಿಗಳು ಜೊತೆಗೆ ಬರಲಿಲ್ಲ, ಅಲ್ಲಿದ್ದ 17 ವರ್ಷವೂ ಒಂದೇ ಒಂದು ಹಕ್ಕಿ ಸಾಕಲು ಬಿಡಲಿಲ್ಲ. ಆದರೂ ಲೋಕಕ್ಕೆ ಅವನು ‘ಅಲ್ಕಟ್ರಾಜ್‌ನ ಹಕ್ಕಿಮನುಷ್ಯ’! ಥಾಮಸ್ ಗ್ಯಾಡಿಸ್ 1955ರಲ್ಲಿ ಬರೆದ ಜೀವನಚರಿತ್ರೆಯೂ, 1962ರಲ್ಲಿ ಬರ್ಟ್ ಲ್ಯಾಂಕಾಸ್ಟರ್ ನಟಿಸಿದ ಸಿನಿಮಾವೂ ಆ ಹೆಸರನ್ನು ಊರೂರಿಗೆ ಒಯ್ದವು. ಸಿನಿಮಾದಲ್ಲಿ ಕಾಣುವವನು ಮೆದು ಮನಸ್ಸಿನವನು. ಜೊತೆಗಿದ್ದ ಕೈದಿಗಳು ಕಂಡ ಸ್ಟ್ರೌಡ್ ಬೇರೆಯೇ, ಹತ್ತಿರ ಹೋಗಲು ಹೆದರಿಕೆ ಹುಟ್ಟಿಸುವವನು. ಆ ಸಿನಿಮಾ ನೋಡಲು ಅವನಿಗೆ ಕೊನೆಗೂ ಅವಕಾಶ ಸಿಗಲಿಲ್ಲ. 1963ರ ನವೆಂಬರ್ 21ರಂದು ಮಿಸೌರಿಯ ಸ್ಪ್ರಿಂಗ್‌ಫೀಲ್ಡ್‌ನ ಕೈದಿಗಳ ಆಸ್ಪತ್ರೆಯಲ್ಲಿ ತೀರಿಕೊಂಡ. ಒಟ್ಟು 54 ವರ್ಷ ಸೆರೆ, ಅದರಲ್ಲಿ 42 ವರ್ಷ ಒಂಟಿಯಾಗಿ. ಮಾರನೆಯ ದಿನ ಅಧ್ಯಕ್ಷ ಕೆನಡಿಯವರ ಹತ್ಯೆಯಾಗಿ, ಅವನ ಸಾವಿನ ಸುದ್ದಿ ಎಲ್ಲೋ ಮುಳುಗಿಹೋಯಿತು.

ಒಂಟಿ ಸೆರೆಯೇ ಅವನನ್ನು ವಿಜ್ಞಾನಿಯಾಗಿಸಿತು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಲ್ಕಟ್ರಾಜ್‌ನಲ್ಲೂ ಒಂಟಿ ಕೋಣೆಯಿತ್ತು, ಬೇಕಾದಷ್ಟು ಹೊತ್ತೂ ಇತ್ತು, ಅದೇ ಚುರುಕು ತಲೆಯೂ ಇತ್ತು. ಅವನು ಅಲ್ಲಿ ತನ್ನ ಬದುಕಿನ ಕತೆ ಬರೆದ, ಅಮೆರಿಕದ ಜೈಲುಗಳ ಇತಿಹಾಸ ಬರೆದ. ಹಕ್ಕಿರೋಗದ ಹೊಸ ಸಂಶೋಧನೆ ಮಾತ್ರ ನಿಂತೇಹೋಯಿತು. ಲೆವೆನ್‌ವರ್ತ್‌ನಲ್ಲಿ ಹೆಚ್ಚಿಗೆ ಇದ್ದದ್ದು, ಅವನ ಆರೈಕೆಯಿಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ ಸತ್ತುಹೋಗಬಹುದಾದ ಹಕ್ಕಿಗಳು. ಯಾರ ಕೈಗೂ ಬಗ್ಗದ ಮನುಷ್ಯನನ್ನು ಇಪ್ಪತ್ತು ವರ್ಷ ಶ್ರದ್ಧೆಯಿಂದ ದುಡಿಸಿದ್ದು ಆ ಹೊಣೆ. ಮನುಷ್ಯನನ್ನು ತಿದ್ದಲು ಹೊರಟ ಯಾವ ಜೈಲೇ ಆಗಲಿ, ಮೊದಲು ಕಲಿಯಬೇಕಾದ ಪಾಠ ಇದು.