ಗೆರೆಯಲ್ಲಿ ಬಿದ್ದ ಕುಳಿ

ಹಾರ್ಡ್ ಡಿಸ್ಕಿನ ವೇಗ ಅಳೆಯುವ ತಂತ್ರಾಂಶಗಳು ಕೊನೆಗೊಂದು ಗ್ರಾಫ್ ಬಿಡಿಸಿ ತೋರಿಸುತ್ತವೆ. ವಿಂಡೋಸ್‌ನಲ್ಲಿ ಎಚ್‌ಡಿ ಟ್ಯೂನ್, ಲಿನಕ್ಸ್‌ನಲ್ಲಿ ಗ್ನೋಮ್ ಡಿಸ್ಕ್ಸ್, ಯಾವುದನ್ನಾದರೂ ಓಡಿಸಿ ನೋಡಿ. ನಿಮ್ಮದು ತಟ್ಟೆ ತಿರುಗುವ ಹಳೆಯ ಮಾದರಿಯ ಡಿಸ್ಕ್ ಆಗಿದ್ದರೆ ಗೆರೆ ಎಡಗಡೆ ಎತ್ತರದಲ್ಲಿ ಶುರುವಾಗಿ, ಬಲಕ್ಕೆ ಹೋದಂತೆಲ್ಲ ಇಳಿಯುತ್ತ, ಕೊನೆ ಮುಟ್ಟುವಾಗ ಹೆಚ್ಚುಕಡಿಮೆ ಅರ್ಧಕ್ಕೆ ಬಂದಿರುತ್ತದೆ. ಸೆಕೆಂಡಿಗೆ 180 ಮೆಗಾಬೈಟ್ ಓದುತ್ತಿದ್ದದ್ದು 90ಕ್ಕೆ ಕುಸಿಯುತ್ತದೆ. ಡಿಸ್ಕ್ ಕೆಡುತ್ತಿದೆ ಎಂದು ಇದನ್ನು ನೋಡಿ ಗಾಬರಿಯಾಗುವವರಿದ್ದಾರೆ. ಗಾಬರಿ ಬೇಡ. ಆ ಇಳಿಜಾರು ಹುಟ್ಟುವುದು ತಟ್ಟೆಯ ಆಕಾರದಿಂದ.

ಒಳಗಿನ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ. ಹೊರ ಅಂಚಿನಲ್ಲಿ ಓದುವಾಗಲೂ ನಡುವಿನಲ್ಲಿ ಓದುವಾಗಲೂ ಸುತ್ತಿನ ವೇಗ ಒಂದೇ. ಆದರೆ ರಾಗಿಕಲ್ಲಿನ ನಡುಗೂಟದ ಬಳಿಯ ಜಾಗಕ್ಕಿಂತ ಅದರ ಅಂಚು ಒಂದೇ ಸುತ್ತಿನಲ್ಲಿ ಎಷ್ಟೋ ಹೆಚ್ಚು ದೂರ ಸಾಗುತ್ತದಲ್ಲ, ಇಲ್ಲೂ ಹಾಗೆಯೇ. ಮಾಹಿತಿ ಬರೆಯುವ ವೃತ್ತಗಳಿಗೆ ಟ್ರ್ಯಾಕ್ ಎಂದು ಹೆಸರು. ಹೊರಗಿನ ಟ್ರ್ಯಾಕ್ ಉದ್ದ, ಅದರಲ್ಲಿ ಹಿಡಿಸುವ ಮಾಹಿತಿಯೂ ಹೆಚ್ಚು. ಒಂದು ಸುತ್ತು ಮುಗಿಯುವಷ್ಟರಲ್ಲಿ ಓದುವ ಹೆಡ್‌ನ ಕೆಳಗೆ ಹೆಚ್ಚು ಬೈಟುಗಳು ಹಾದುಹೋಗುತ್ತವೆ. ಡಿಸ್ಕ್ ತನ್ನ ಜಾಗವನ್ನು ಹೊರ ಅಂಚಿನಿಂದ ಎಣಿಸಲು ತೊಡಗುವುದರಿಂದ ಗ್ರಾಫಿನ ಎಡತುದಿ ಎತ್ತರವಾಗಿರುತ್ತದೆ. 1956ರಲ್ಲಿ ಐಬಿಎಂ ಹೊರತಂದ ಮೊದಲ ಹಾರ್ಡ್ ಡಿಸ್ಕಿಗೆ ಈ ಇಳಿಜಾರು ಇರಲಿಲ್ಲ. 24 ಇಂಚು ಅಗಲದ 50 ತಟ್ಟೆಗಳ ಆ ಯಂತ್ರದಲ್ಲಿ ಉದ್ದದ ಟ್ರ್ಯಾಕಿನಲ್ಲೂ ಗಿಡ್ಡ ಟ್ರ್ಯಾಕಿನಲ್ಲೂ ಅಷ್ಟಷ್ಟೇ ಅಕ್ಷರಗಳನ್ನು ಬರೆಯುತ್ತಿದ್ದರು. ಒಟ್ಟು 50 ಲಕ್ಷ ಅಕ್ಷರ. ಹೊರಗಿನ ಟ್ರ್ಯಾಕಿನ ಖಾಲಿ ಜಾಗವನ್ನು ಬಳಸಿಕೊಳ್ಳಲು ಕಲಿತ ಮೇಲೆ ವೇಗದ ಗೆರೆ ಇಳಿಜಾರಾಯಿತು.

ಗೆರೆಯ ಜೊತೆಗೆ ಅದೇ ಗ್ರಾಫಿನಲ್ಲಿ ಚುಕ್ಕೆಗಳೂ ಇರುತ್ತವೆ, ಎಚ್‌ಡಿ ಟ್ಯೂನ್‌ನಲ್ಲಿ ಹಳದಿ, ಗ್ನೋಮ್ ಡಿಸ್ಕ್ಸ್‌ನಲ್ಲಿ ಹಸಿರು. ನನಗೆ ಗೆರೆಗಿಂತ ಈ ಚುಕ್ಕೆಗಳ ಮೇಲೆಯೇ ಹೆಚ್ಚು ಪ್ರೀತಿ, ಏಕೆಂದರೆ ಮುಚ್ಚಿದ ಲೋಹದ ಡಬ್ಬಿಯೊಳಗೆ ನಡೆಯುವ ಓಡಾಟವೆಲ್ಲ ಅವುಗಳಲ್ಲಿ ಕಾಣುತ್ತದೆ. ಡಿಸ್ಕಿನ ಯಾವುದೋ ಒಂದು ಜಾಗದ ತುಣುಕನ್ನು ಕೇಳಿದಾಗ ಅದು ಕೈಗೆ ಸಿಗಲು ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಒಂದೊಂದು ಚುಕ್ಕೆ ಹೇಳುತ್ತದೆ. ನಿಮಿಷಕ್ಕೆ 7200 ಸುತ್ತು ಎಂದರೆ ಸೆಕೆಂಡಿಗೆ 120. ಒಂದು ಸುತ್ತಿಗೆ 8.33 ಮಿಲಿಸೆಕೆಂಡ್. ಹೆಡ್ ಸರಿಯಾದ ಟ್ರ್ಯಾಕಿಗೆ ಬಂದು ನಿಂತಾಗ ಬೇಕಾದ ತುಣುಕಿರುವ ಸೆಕ್ಟರ್ ಕಾಲಡಿಯೇ ಇದ್ದರೆ ಕಾಯಬೇಕಿಲ್ಲ. ಆಗತಾನೇ ದಾಟಿಹೋಗಿದ್ದರೆ ಪೂರಾ ಒಂದು ಸುತ್ತು ಕಾಯಬೇಕು. ಚುಕ್ಕೆಗಳು ಒಂದೇ ಸಾಲಿನಲ್ಲಿ ಕೂರದೆ ಮೇಲೆ ಕೆಳಗೆ ಹರಡಿಕೊಳ್ಳಲು ಇದೊಂದು ದೊಡ್ಡ ಕಾರಣ. ಸರಾಸರಿ ಕಾಯುವಿಕೆ ಅರ್ಧ ಸುತ್ತು, ಅಂದರೆ 4 ಮಿಲಿಸೆಕೆಂಡಿಗೆ ಸ್ವಲ್ಪ ಹೆಚ್ಚು. ಅದಕ್ಕೆ ಹೆಡ್ ಒಂದು ಟ್ರ್ಯಾಕಿನಿಂದ ಇನ್ನೊಂದಕ್ಕೆ ಸರಿಯುವ ಸುಮಾರು 9 ಮಿಲಿಸೆಕೆಂಡ್ ಸೇರಿಸಿ. ಒಟ್ಟು 13. ಹೀಗಾಗಿ ಚದುರಿದ ತುಣುಕುಗಳನ್ನು ಹೆಕ್ಕಿ ತರುವ ಕೆಲಸ ಸೆಕೆಂಡಿಗೆ 75ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಒಂದೊಂದು ತುಣುಕು 4 ಕಿಲೋಬೈಟ್ ಎಂದಿಟ್ಟುಕೊಂಡರೆ ಸೆಕೆಂಡಿಗೆ ಬರುವುದು ಕೇವಲ 300 ಕಿಲೋಬೈಟ್. ಸಾಲಾಗಿ ಓದಿಸಿದರೆ 180 ಮೆಗಾಬೈಟ್ ಕೊಡುವ ಅದೇ ಡಿಸ್ಕ್ ಚೆಲ್ಲಾಪಿಲ್ಲಿ ಓದಿಸಿದರೆ 600 ಪಟ್ಟು ನಿಧಾನ! ಕಂಪ್ಯೂಟರ್ ಶುರುವಾಗುವಾಗ ಓದಬೇಕಾದದ್ದು ಅಲ್ಲಲ್ಲಿ ಚದುರಿದ ಸಾವಿರಾರು ಸಣ್ಣ ಫೈಲುಗಳನ್ನು. ಹಳೆಯ ಯಂತ್ರಗಳು ಮೈಮುರಿದು ಏಳಲು ಅಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದದ್ದು ಇದಕ್ಕೇ.

ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಯಲ್ಲಿ ಈ ಕಾಯುವಿಕೆ 0.1 ಮಿಲಿಸೆಕೆಂಡಿಗೂ ಕಡಿಮೆ. ಓದುವ ಗೆರೆ ನೆಟ್ಟಗೆ ಚಪ್ಪಟೆ. ಸಾಟಾ ಕೇಬಲಿನದಾದರೆ 550 ಮೆಗಾಬೈಟಿನ ಹತ್ತಿರ, ಮದರ್‌ಬೋರ್ಡಿಗೆ ನೇರ ಕೂರುವ ಎನ್‌ವಿಎಂಇ ಆದರೆ ಕೆಲವು ಸಾವಿರ. ಆದರೂ ಎಸ್‌ಎಸ್‌ಡಿಯ ಗ್ರಾಫನ್ನು ಎಚ್ಚರದಿಂದ ಓದಬೇಕು. ಅರ್ಧ ಮಾತ್ರ ತುಂಬಿದ ಎಸ್‌ಎಸ್‌ಡಿಯನ್ನು ಆರಂಭದಿಂದ ಕೊನೆಯವರೆಗೆ ಓದಿಸಿದರೆ ಕೆಲವೊಮ್ಮೆ ಖಾಲಿ ಭಾಗ ತುಂಬಿದ ಭಾಗಕ್ಕಿಂತ ವೇಗವಾಗಿ ಕಾಣುತ್ತದೆ. ಏನೂ ಬರೆಯದ ಜಾಗವನ್ನು ಕೇಳಿದಾಗ ಒಳಗಿನ ನಿಯಂತ್ರಕ ಚಿಪ್ ಫ್ಲಾಶ್ ಮೆಮೊರಿಯನ್ನು ಮುಟ್ಟುವುದೇ ಇಲ್ಲ. ಅಲ್ಲಿ ಏನೂ ಇಲ್ಲ ಎಂಬುದು ಅದಕ್ಕೆ ಗೊತ್ತು, ಕೂತಲ್ಲೇ ಸೊನ್ನೆಗಳನ್ನು ಕಳಿಸಿಬಿಡುತ್ತದೆ. ಬರೆಯುವ ಪರೀಕ್ಷೆಯಲ್ಲಿ ಇನ್ನೊಂದು ಸಂಗತಿ ಹೊರಬೀಳುತ್ತದೆ. ಇಂದಿನ ಎಸ್‌ಎಸ್‌ಡಿಗಳು ಒಂದೊಂದು ಕೋಶದಲ್ಲಿ ಮೂರು ಅಥವಾ ನಾಲ್ಕು ಬಿಟ್ ಇಡುತ್ತವೆ. ಅದು ನಿಧಾನದ ಕೆಲಸವಾದ್ದರಿಂದ ಮೊದಲಿಗೆ ಒಂದಷ್ಟು ಜಾಗದಲ್ಲಿ ಕೋಶಕ್ಕೆ ಒಂದೇ ಬಿಟ್‌ನಂತೆ ಸರಸರ ಬರೆದುಕೊಂಡು, ಬಿಡುವಾದಾಗ ಒತ್ತಾಗಿ ಜೋಡಿಸಿಡುತ್ತವೆ. ಆ ಜಾಗ ತುಂಬಿದ ಕ್ಷಣದಲ್ಲಿ ಗೆರೆ ನೆಟ್ಟಗೆ ಕೆಳಕ್ಕೆ ಬೀಳುತ್ತದೆ. ಕೆಲವು ಅಗ್ಗದ ಎಸ್‌ಎಸ್‌ಡಿಗಳಲ್ಲಿ ಅದು ತಿರುಗುವ ಡಿಸ್ಕಿಗಿಂತಲೂ ಕೆಳಗೆ ಹೋಗುತ್ತದೆ. ಅಂಗಡಿಯ ಡಬ್ಬಿಯ ಮೇಲೆ ಅಚ್ಚಾಗಿರುವುದು ಬೀಳುವ ಮೊದಲಿನ ಅಂಕಿ. ಮದುವೆಯ ವಿಡಿಯೊಗಳನ್ನೆಲ್ಲ ಒಂದೇ ಸಲ ನಕಲು ಮಾಡುವವರಿಗೆ ಬೇಕಾದದ್ದು ಬಿದ್ದ ನಂತರದ ಅಂಕಿ, ಅದು ಗ್ರಾಫ್ ಬಿಡಿಸಿದವರಿಗಷ್ಟೇ ಸಿಗುತ್ತದೆ.

ಒಂದೇ ಫೈಲನ್ನು ಎರಡು ಸಲ ಓದಿ ವೇಗ ಹೋಲಿಸುವವರು ಎರಡನೆಯ ಅಂಕಿಯನ್ನು ನಂಬಬಾರದು. ಮೊದಲ ಸಲ ಓದಿದ್ದನ್ನು ಕಂಪ್ಯೂಟರ್ ರ‍್ಯಾಮ್‌ನಲ್ಲಿ ಉಳಿಸಿಕೊಂಡಿರುತ್ತದೆ. ಎರಡನೆಯ ಸಲ ಅಳತೆಗೆ ಸಿಕ್ಕಿದ್ದು ರ‍್ಯಾಮ್‌ನ ವೇಗ.

ಈಗ ಕುಳಿಯ ವಿಷಯಕ್ಕೆ ಬರೋಣ. ನುಣ್ಣಗೆ ಇಳಿಯಬೇಕಾದ ಗೆರೆಯಲ್ಲಿ ಒಂದು ಕಡೆ ಥಟ್ಟನೆ ಆಳವಾದ ಕುಳಿ ಬಿದ್ದಿದೆ ಎನ್ನಿ. ಗ್ರಾಫಿನ ಅಡ್ಡಗೆರೆ ಡಿಸ್ಕಿನ ಮೇಲಿನ ಜಾಗವನ್ನು ತೋರಿಸುತ್ತದೆ. ಪರೀಕ್ಷೆ ಎಡದಿಂದ ಬಲಕ್ಕೆ ನಡೆಯುವುದರಿಂದ ಅದೇ ಅಡ್ಡಗೆರೆ ಸಮಯವನ್ನೂ ತೋರಿಸುತ್ತದೆ. ಆದ್ದರಿಂದ ಒಂದೇ ಗ್ರಾಫ್ ನೋಡಿ ಕುಳಿ ಬಿದ್ದದ್ದು ಆ ಜಾಗದ ದೋಷದಿಂದಲೋ ಆ ಗಳಿಗೆಯಲ್ಲಿ ನಡೆದ ಬೇರೇನೋ ಕೆಲಸದಿಂದಲೋ ಎಂದು ಯಾರೂ ಹೇಳಲಾರರು. ಇನ್ನೊಮ್ಮೆ ಪರೀಕ್ಷೆ ಓಡಿಸಿ ಎರಡು ಗ್ರಾಫುಗಳನ್ನು ಪಕ್ಕಪಕ್ಕ ಇಡಬೇಕು. ಕುಳಿ ಅಲ್ಲೇ ಇದ್ದರೆ ತಟ್ಟೆಯ ಆ ಭಾಗ ಸವೆದಿರುವ ಸಂಭವ ಹೆಚ್ಚು. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಬರೆದಿಡುವ ಸ್ಮಾರ್ಟ್ ವರದಿಯಲ್ಲಿ 5 ಮತ್ತು 197ನೇ ಸಾಲುಗಳನ್ನು ತೆರೆದು, ಬದಲಿ ಜಾಗಕ್ಕೆ ಹೋದ ಸೆಕ್ಟರುಗಳೆಷ್ಟು, ಅನುಮಾನದಲ್ಲಿರುವವೆಷ್ಟು ಎಂದು ನೋಡಿ, ಅಂಕಿ ಏರುತ್ತಿದ್ದರೆ ಅವತ್ತೇ ಬ್ಯಾಕಪ್ ತೆಗೆದಿಡಬೇಕು. ಕುಳಿ ಜಾಗ ಬದಲಿಸಿದ್ದರೆ ಡಿಸ್ಕ್ ನಿರಪರಾಧಿ. ನಮ್ಮ ಪರೀಕ್ಷೆ ನಡೆಯುತ್ತಿದ್ದಾಗ ಬೇರೆ ಯಾರೋ ಅದೇ ಡಿಸ್ಕನ್ನು ಬಳಸುತ್ತಿದ್ದರು.

ಪರಿಚಯದವರ ಮನೆಯ ಕಂಪ್ಯೂಟರಿನಲ್ಲಿ ನಾನು ಕಂಡದ್ದು ಈ ಎರಡನೆಯ ಬಗೆ. ಮೊದಲ ಓಟದಲ್ಲಿ ಕುಳಿ ಎಡಭಾಗದಲ್ಲಿತ್ತು, ಮರು ಓಟದಲ್ಲಿ ಬಲತುದಿಗೆ ಹೋಗಿತ್ತು. ಬ್ರೌಸರ್ ಮುಚ್ಚಿದ್ದರೂ ಮೂಲೆಯ ರೌಟರಿನ ದೀಪ ಬಿಡದೆ ಮಿಣುಕುತ್ತಿತ್ತು. ವಿಂಡೋಸ್‌ನ ರಿಸೋರ್ಸ್ ಮಾನಿಟರ್ ತೆರೆದು ಡಿಸ್ಕ್ ಪುಟ ನೋಡಿದರೆ ಎಸ್‌ವಿಸಿಹೋಸ್ಟ್ ಎಂಬ ಪ್ರೋಗ್ರಾಮ್ ಬರೆಯುತ್ತಿದೆ. ನೆಟ್‌ವರ್ಕ್ ಪುಟದಲ್ಲೂ ಅದೇ ಹೆಸರು, ಅದೇ ಪಿಐಡಿ, ಅಂದರೆ ಓಡುತ್ತಿರುವ ಪ್ರೋಗ್ರಾಮಿಗೆ ವಿಂಡೋಸ್ ಕೊಡುವ ಸಂಖ್ಯೆ. ಈ ಹೆಸರಿನಿಂದ ಹೆಚ್ಚೇನೂ ತಿಳಿಯುವುದಿಲ್ಲ, ವಿಂಡೋಸ್‌ನ ಹತ್ತಾರು ಸೇವೆಗಳು ಅದೇ ಹೆಸರಿನಲ್ಲಿ ಓಡುತ್ತವೆ. ಟಾಸ್ಕ್ ಮ್ಯಾನೇಜರಿನ ಸರ್ವಿಸಸ್ ಪುಟದಲ್ಲಿ ಆ ಪಿಐಡಿ ಹುಡುಕಿದಾಗ ಸಿಕ್ಕಿದ್ದು ಡೆಲಿವರಿ ಆಪ್ಟಿಮೈಸೇಷನ್. ಜಾಲಸಂಪರ್ಕಗಳನ್ನು ತೋರಿಸುವ ನೆಟ್‌ಸ್ಟ್ಯಾಟ್ ಪಟ್ಟಿಯಲ್ಲಿ 7680 ಎಂಬ ಪೋರ್ಟ್ ಸಂಖ್ಯೆ ಅದನ್ನೇ ಹೇಳಿತು. 2015ರಲ್ಲಿ ವಿಂಡೋಸ್ 10ರ ಜೊತೆ ಬಂದ ಏರ್ಪಾಡಿದು. ಅಪ್‌ಡೇಟ್‌ಗಳನ್ನು ತುಂಡುತುಂಡಾಗಿ ಇಳಿಸಿಕೊಂಡು, ಅದೇ ತುಂಡುಗಳನ್ನು ಬೇರೆ ಕಂಪ್ಯೂಟರುಗಳಿಗೂ ಹಂಚುತ್ತದೆ. ಮನೆಯೊಳಗಿನ ಕಂಪ್ಯೂಟರುಗಳಿಗೆ ಮಾತ್ರವೋ ಹೊರಗಿನವಕ್ಕೂ ಹಂಚಬೇಕೋ ಎಂಬುದು ಸೆಟ್ಟಿಂಗ್ಸ್‌ನಲ್ಲಿದೆ, ಈ ತಿಂಗಳು ಎಷ್ಟು ಹಂಚಿದೆ ಎಂಬ ಲೆಕ್ಕವೂ ಅಲ್ಲೇ ಇದೆ. ಡಿಸ್ಕಿನ ಕುಳಿಗೂ ರೌಟರಿನ ದೀಪಕ್ಕೂ ಕಾರಣ ಒಂದೇ ಆಗಿತ್ತು.

ಹೀಗೆ ಮೂಲ ಸಿಗುವುದು ಸಾಮಾನ್ಯ. ಸಿಗದಿದ್ದಾಗ? ಪಟ್ಟಿಯಲ್ಲಿ ಕಾಣುವ ಐಪಿ ವಿಳಾಸ ಯಾರದೆಂದು ಹುಡುಕಿದರೆ ಬಹಳ ಸಲ ಅಕಮೈ, ಕ್ಲೌಡ್‌ಫ್ಲೇರ್‌ನಂಥ ಹೆಸರು ಬರುತ್ತದೆ. ಅವು ಲೆಕ್ಕವಿಲ್ಲದಷ್ಟು ಕಂಪನಿಗಳ ಮಾಹಿತಿಯನ್ನು ತಮ್ಮ ಯಂತ್ರಗಳಿಂದ ಹಂಚುವ ಸಂಸ್ಥೆಗಳು, ಹಿಂದಿರುವವರು ಯಾರೆಂದು ಅದರಿಂದ ಗೊತ್ತಾಗದು. ಒಳಗಿನ ಮಾಹಿತಿ ಗೂಢಲಿಪಿಯಲ್ಲಿ ಹೋಗುವುದರಿಂದ ಅದನ್ನೂ ಓದಲಾಗದು. ಇಲ್ಲಿಯೂ ನೆರವಿಗೆ ಬರುವುದು ಗ್ರಾಫೇ. ಎಷ್ಟು ಬೈಟ್, ಯಾವ ಕಡೆಗೆ, ಎಷ್ಟು ಹೊತ್ತಿಗೊಮ್ಮೆ ಎಂಬುದನ್ನು ಗೂಢಲಿಪಿ ಪೂರ್ತಿ ಮುಚ್ಚಿಡಲಾರದು. ಅಪ್‌ಡೇಟ್ ಇಳಿಯುವಾಗ ಬರುವ ದಾರಿ ದಪ್ಪ, ಹೋಗುವ ದಾರಿ ತೆಳು. ಫೋಟೊಗಳು ಕ್ಲೌಡಿಗೆ ಏರುವಾಗ ಅದರ ತಿರುಗುಮುರುಗು. ವಿಡಿಯೊ ಕರೆಯಲ್ಲಿ ಎರಡೂ ಕಡೆ ಹರಿವು ಹೆಚ್ಚುಕಡಿಮೆ ಸಮ. ಮನೆಯಲ್ಲಿ ಎಲ್ಲರೂ ಮಲಗಿದ ಮೇಲೂ ಗಡಿಯಾರ ಇಟ್ಟಂತೆ ಒಂದೇ ಅಂತರದಲ್ಲಿ, ಒಂದೇ ಅಳತೆಯ ಪುಟ್ಟ ಪ್ಯಾಕೆಟ್ ಹೊರಗೆ ಹೋಗುತ್ತಿದ್ದರೆ ಅದನ್ನು ಬಿಡದೆ ಹಿಂಬಾಲಿಸಬೇಕು. ಸಂಪರ್ಕವನ್ನು ಜೀವಂತ ಇಟ್ಟುಕೊಳ್ಳುವ ಸಾಧು ತಂತ್ರಾಂಶಗಳೂ ಹಾಗೆ ಮಾಡುತ್ತವೆ, ಹೊರಗಿನ ಆಜ್ಞೆಗೆ ಕಾದಿರುವ ದುಷ್ಟ ತಂತ್ರಾಂಶಗಳೂ ಹಾಗೆಯೇ ಮಾಡುತ್ತವೆ. ಒಂದೊಂದೇ ಪ್ರೋಗ್ರಾಮ್ ನಿಲ್ಲಿಸುತ್ತ, ಯಾವುದನ್ನು ನಿಲ್ಲಿಸಿದಾಗ ಆ ಮಿಡಿತ ನಿಂತಿತು ಎಂದು ನೋಡುವುದೇ ದಾರಿ.

ಇಂಥ ಹಟಕ್ಕೆ ಕಂಪ್ಯೂಟರ್ ಚರಿತ್ರೆಯಲ್ಲಿ ದೊಡ್ಡ ಉದಾಹರಣೆ ಕ್ಲಿಫರ್ಡ್ ಸ್ಟೋಲ್. ವೃತ್ತಿಯಿಂದ ಖಗೋಳ ವಿಜ್ಞಾನಿ. 1986ರಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದಲ್ಲಿ ಕಂಪ್ಯೂಟರ್ ಬಳಕೆಯ ಲೆಕ್ಕ ತಾಳೆಯಾಗದೆ 75 ಸೆಂಟ್ ವ್ಯತ್ಯಾಸ ಬಂತು. ಒಂದು ಡಾಲರ್ ಕೂಡ ಇಲ್ಲದ ಆ ಮೊತ್ತವನ್ನು ಅವರು ಬಿಟ್ಟುಬಿಡದೆ ಹುಡುಕಿದಾಗ, ಹೊರಗಿನವನೊಬ್ಬ ಕಂಪ್ಯೂಟರಿನೊಳಗೆ ನುಗ್ಗಿದ್ದು ತಿಳಿಯಿತು. ಆಫೀಸುಗಳಲ್ಲಿದ್ದ ಪ್ರಿಂಟರುಗಳನ್ನು ವಾರಾಂತ್ಯದಲ್ಲಿ ಹೊತ್ತು ತಂದು, ಹೊರಗಿನಿಂದ ಬರುವ ಲೈನುಗಳಿಗೆಲ್ಲ ಜೋಡಿಸಿ, ಒಳನುಗ್ಗಿದವನು ಒತ್ತುವ ಒಂದೊಂದು ಅಕ್ಷರವೂ ಕಾಗದದ ಮೇಲೆ ಮೂಡುವಂತೆ ಮಾಡಿದರು. ಉತ್ತರ ಮರಳಿ ಬರುವ ತಡವನ್ನು ಅಳೆದು ಅವನು ಎಷ್ಟು ದೂರದಲ್ಲಿದ್ದಾನೆಂದು ಅಂದಾಜು ಮಾಡಿದರು. ಜಾಡು ಪಶ್ಚಿಮ ಜರ್ಮನಿಯ ಹ್ಯಾನೋವರ್‌ನ ಮಾರ್ಕುಸ್ ಹೆಸ್‌ನಲ್ಲಿಗೆ ಮುಟ್ಟಿತು. ಕದ್ದ ಮಾಹಿತಿ ಸೋವಿಯತ್ ಗೂಢಚಾರ ಸಂಸ್ಥೆ ಕೆಜಿಬಿಗೆ ಮಾರಾಟವಾಗುತ್ತಿತ್ತು. ಅದೇ ಪ್ರಯೋಗಾಲಯದಲ್ಲಿ 1988ರ ವೇಳೆಗೆ ವ್ಯಾನ್ ಜೇಕಬ್‌ಸನ್ ಮತ್ತು ಸಂಗಡಿಗರು, ತಂತಿಯಲ್ಲಿ ಹರಿಯುವ ಪ್ಯಾಕೆಟ್ಟುಗಳನ್ನು ಹಿಡಿದು ತೋರಿಸುವ ಟಿಸಿಪಿಡಂಪ್ ಬರೆದರು. ಜೆರಾಲ್ಡ್ ಕೂಂಬ್ಸ್ 1998ರಲ್ಲಿ ಈಥರಿಯಲ್ ಎಂಬ ಹೆಸರಿನಿಂದ ಹೊರತಂದ ವೈರ್‌ಶಾರ್ಕ್ ಅದೇ ಕೆಲಸವನ್ನು ಬಣ್ಣದ ಸಾಲುಗಳಲ್ಲಿ ಮಾಡುತ್ತದೆ. ಸ್ಟೋಲ್ ಕೋಣೆ ತುಂಬ ಪ್ರಿಂಟರ್ ಇಟ್ಟು ನಡೆಸಿದ ಕೆಲಸಕ್ಕೆ ಇಂದು ಮನೆಯ ಲ್ಯಾಪ್‌ಟಾಪ್ ಸಾಕು, ತಂತ್ರಾಂಶವೂ ಉಚಿತ.

ಇಷ್ಟೆಲ್ಲ ಆದಮೇಲೂ ಒಂದು ಪರೀಕ್ಷೆ ಬಾಕಿಯಿದೆ. ಕಂಪ್ಯೂಟರನ್ನು ಪೂರ್ತಿ ಆಫ್ ಮಾಡಿ ರೌಟರನ್ನು ನೋಡಿ. ಆಗಲೂ ಅಲ್ಪಸ್ವಲ್ಪ ಚಟುವಟಿಕೆ ಇರುತ್ತದೆ. ಅಂತರಜಾಲದ ಐಪಿವಿ4 ವಿಳಾಸಗಳು ಒಟ್ಟು 430 ಕೋಟಿಯಷ್ಟು. ಅವೆಲ್ಲವನ್ನೂ ಒಂದು ಸಲ ವಿಚಾರಿಸಿ ಬರಲು ಒಂದೇ ಕಂಪ್ಯೂಟರಿಗೆ 45 ನಿಮಿಷ ಸಾಕೆಂದು ಮಿಶಿಗನ್ ವಿಶ್ವವಿದ್ಯಾಲಯದವರು 2013ರಲ್ಲಿ ತೋರಿಸಿಕೊಟ್ಟರು. ಸಾರ್ವಜನಿಕ ವಿಳಾಸವಿರುವ ರೌಟರನ್ನು ಯಾರೋ ಒಬ್ಬರು ಸದಾ ವಿಚಾರಿಸುತ್ತಲೇ ಇರುತ್ತಾರೆ. ಅದಕ್ಕೆ ಹೆದರಬೇಕಿಲ್ಲ. ಆದರೆ ಒಳಗಿನಿಂದ ಹೊರಕ್ಕೆ ಧಾರಾಳವಾಗಿ ಹರಿಯುತ್ತಿದ್ದರೆ ಟಿವಿ, ಸಿಸಿಟಿವಿ ಕ್ಯಾಮೆರಾ, ಕೊನೆಗೆ ರೌಟರನ್ನೇ ಅನುಮಾನಿಸಬೇಕು. ಮಿರಾಯ್ ಎಂಬ ದುಷ್ಟ ತಂತ್ರಾಂಶ 2016ರಲ್ಲಿ ದಾಳಿ ನಡೆಸಿದ್ದು ಇಂಥ ಸಾಧನಗಳಿಂದಲೇ. ಕಾರ್ಖಾನೆಯಲ್ಲಿ ಇಟ್ಟ ಬಳಕೆದಾರ ಹೆಸರು, ಪಾಸ್‌ವರ್ಡ್‌ಗಳ ಅರವತ್ತಕ್ಕೂ ಹೆಚ್ಚು ಜೋಡಿಗಳ ಒಂದು ಪಟ್ಟಿ, ಅದೇ ಮಿರಾಯ್‌ನ ಆಯುಧ. ಅವುಗಳನ್ನು ಬದಲಿಸದೆ ಬಿಟ್ಟಿದ್ದ ಲಕ್ಷಾಂತರ ಸಾಧನಗಳು ಅದಕ್ಕೆ ವಶವಾದವು. ಆ ವರ್ಷ ಅಕ್ಟೋಬರ್ 21ರಂದು ಜಾಲತಾಣಗಳ ಹೆಸರಿಗೆ ತಕ್ಕ ಐಪಿ ವಿಳಾಸ ಹುಡುಕಿಕೊಡುವ ಡೈನ್ ಎಂಬ ಕಂಪನಿಯ ಮೇಲೆ ಅವು ಮುಗಿಬಿದ್ದಾಗ ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ಗಳೇ ಕೈಗೆ ಸಿಗದಾದವು. ಕ್ಯಾಮೆರಾಗಳ ಮಾಲೀಕರಿಗೆ ಏನೂ ತಿಳಿಯಲಿಲ್ಲ, ಚಿತ್ರ ಎಂದಿನಂತೆ ಬರುತ್ತಿತ್ತು.

ನಮ್ಮಲ್ಲಿ ಇಂಥ ಸೋಂಕನ್ನು ಪತ್ತೆಹಚ್ಚಲು, ತೆಗೆಯಲು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2017ರಿಂದ ಸೈಬರ್ ಸ್ವಚ್ಛತಾ ಕೇಂದ್ರ ನಡೆಸುತ್ತಿದೆ. ಅದರ ಉಚಿತ ತಂತ್ರಾಂಶಗಳು ಕಂಪ್ಯೂಟರಿಗೂ ಫೋನಿಗೂ ಸಿಗುತ್ತವೆ. ಕ್ಯಾಮೆರಾಗೆ ಮಾತ್ರ ಕೈಯಾರೆ ಮಾಡಬೇಕು, ಅದರಲ್ಲೂ ಕ್ರಮ ತಪ್ಪುವಂತಿಲ್ಲ. ಮಿರಾಯ್ ಸಾಧನದ ರ‍್ಯಾಮ್‌ನಲ್ಲಿ ಮಾತ್ರ ಕೂರುತ್ತಿತ್ತು, ಆಫ್ ಮಾಡಿ ಆನ್ ಮಾಡಿದರೆ ಅಳಿಸಿಹೋಗುತ್ತಿತ್ತು. ಹಳೆಯ ಪಾಸ್‌ವರ್ಡ್ ಹಾಗೇ ಇದ್ದರೆ ಮತ್ತೆ ಬಂದು ಸೇರಿಕೊಳ್ಳಲು ಕೆಲವೇ ನಿಮಿಷ ಸಾಕಾಗುತ್ತಿತ್ತು. ಆದ್ದರಿಂದ ಮೊದಲು ರೌಟರಿನಿಂದ ಹೊರಗಿನ ಸಂಪರ್ಕದ ಕೇಬಲ್ ಕಿತ್ತಿಡಿ. ಆಮೇಲೆ ಕ್ಯಾಮೆರಾವನ್ನು ಆಫ್ ಮಾಡಿ ಆನ್ ಮಾಡಿ, ಪಾಸ್‌ವರ್ಡ್ ಬದಲಿಸಿ. ಕೇಬಲ್ ಮತ್ತೆ ಸಿಕ್ಕಿಸುವುದು ಅದಾದ ಮೇಲೆಯೇ.