ಊರ ಸುದ್ದಿ ಬರೆಯುವ ಪುಟ್ಟ ಶಾಲೆ

ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಪತ್ರಿಕೆಗಳಲ್ಲಿ ಜಿಲ್ಲಾವಾರು ಪಟ್ಟಿ ಬರುತ್ತದೆ. ರಾಜ್ಯದಲ್ಲಿ ಕಂದಾಯ ಜಿಲ್ಲೆಗಳು 31, ಆ ಪಟ್ಟಿಯಲ್ಲಿರುವ ಶೈಕ್ಷಣಿಕ ಜಿಲ್ಲೆಗಳು 35. ಬೆಂಗಳೂರು ನಗರ ಉತ್ತರ, ದಕ್ಷಿಣವೆಂದು ಎರಡಾಗಿರುತ್ತದೆ. ಬೆಳಗಾವಿಯ ಜೊತೆ ಚಿಕ್ಕೋಡಿ, ಉತ್ತರ ಕನ್ನಡದ ಜೊತೆ ಶಿರಸಿ, ತುಮಕೂರಿನ ಜೊತೆ ಮಧುಗಿರಿ ಸೇರಿಕೊಳ್ಳುತ್ತವೆ. ತುಮಕೂರಿನ ಹತ್ತು ತಾಲ್ಲೂಕುಗಳಲ್ಲಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕನ್ನು ಬೇರೆ ಮಾಡಿ ಕಟ್ಟಿದ್ದು ಮಧುಗಿರಿ ಶೈಕ್ಷಣಿಕ ಜಿಲ್ಲೆ. ಮಧುಗಿರಿಯಲ್ಲಿ ಜಿಲ್ಲಾಧಿಕಾರಿಯ ಕಚೇರಿ ಇಲ್ಲ, ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರ ಕಚೇರಿ ಇದೆ. ಇಲ್ಲಿನ ಮೇಷ್ಟ್ರುಗಳ ಬಾಯಲ್ಲಿ ‘ಜಿಲ್ಲೆ’ ಎಂದರೆ ಅನೇಕ ಸಲ ಮಧುಗಿರಿಯೇ.

ಆ ಜಿಲ್ಲೆಯ ಅತಿ ಸಣ್ಣ ಘಟಕವಾದ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯನ್ನು ಓದುಗರಿಗೆ ಪರಿಚಯಿಸಬೇಕಿದೆ. ‘ಸ.ಕಿ.ಪ್ರಾ. ಶಾಲೆ’ ಎಂದು ನೀಲಿ ಅಥವಾ ಹಳದಿ ಬಣ್ಣದಲ್ಲಿ ಬರೆದ ಗೋಡೆ, ಎರಡು ಮೂರು ಕೊಠಡಿ, ಒಂದು ಅಡುಗೆಮನೆ, ಬೇವಿನದೋ ಹೊಂಗೆಯದೋ ಒಂದು ಮರ. ಒಂದರಿಂದ ಐದನೇ ತರಗತಿಯವರೆಗೆ ಮಕ್ಕಳು. ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕದಲ್ಲಿ ಅರವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಹೊರಗಿನವರ ಕಣ್ಣಿಗೆ ಇಂಥ ಶಾಲೆಯಲ್ಲಿ ಸುದ್ದಿಯಾಗುವಂಥದ್ದು ಏನೂ ನಡೆಯುವುದಿಲ್ಲ. ಒಂದು ವಾರವನ್ನು ಜೊತೆಗೂಡಿ ನೋಡಿದರೆ, ಬರೆಯಲು ಹಲಗೆ ಸಾಲದಷ್ಟು ಸುದ್ದಿ ಅಲ್ಲಿದೆ. ಅದನ್ನು ಮಕ್ಕಳೇ ಬರೆಯಬೇಕು ಎಂಬುದು ಈ ಬರಹದ ಆಸೆ.

ನಾಲ್ಕು ತಾಲ್ಲೂಕು, ಹಲವು ಮನೆಮಾತು

ತುಮಕೂರು ಜಿಲ್ಲೆಯ ದಕ್ಷಿಣದ ತಿಪಟೂರು, ತುರುವೇಕೆರೆ ಕಡೆಯ ತೆಂಗಿನ ತೋಟಗಳ ನೆರಳು ಇಲ್ಲಿಗೆ ಬರುವಷ್ಟರಲ್ಲಿ ತೆಳುವಾಗುತ್ತದೆ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಕೊರಟಗೆರೆ, ಮಧುಗಿರಿ ಸೀಮೆಯನ್ನು ಹಾದು ಉತ್ತರ ಪಿನಾಕಿನಿಗೆ ಸೇರುತ್ತದಾದರೂ ವರ್ಷದ ಬಹುಪಾಲು ಅದರಲ್ಲಿ ಕಾಣುವುದು ಮರಳು. ಉತ್ತರಕ್ಕೆ ಹೋದಂತೆ ಕಡಲೆಕಾಯಿ ಹೊಲ, ಬಂಡೆಗುಡ್ಡ, ಕುರಿಮಂದೆ. ಮೂರು ಕಡೆ ಆಂಧ್ರ ಸುತ್ತುವರಿದ ಪಾವಗಡದ ಅನೇಕ ಊರುಗಳಲ್ಲಿ ಮಕ್ಕಳು ಮನೆಯಲ್ಲಿ ತೆಲುಗು ಮಾತಾಡಿ ಶಾಲೆಯಲ್ಲಿ ಕನ್ನಡ ಓದುತ್ತಾರೆ. ಶಿರಾ, ಮಧುಗಿರಿ ಕಡೆ ಕಾಡುಗೊಲ್ಲರ ಹಟ್ಟಿಗಳಿವೆ, ಲಂಬಾಣಿ ತಾಂಡಾಗಳಿವೆ. ಶಿರಾ ಪಟ್ಟಣದಲ್ಲಿ ಉರ್ದು ಶಾಲೆಗಳಿವೆ.

ಹಾಗಾಗಿ ಇಲ್ಲಿನ ಒಂದನೇ ತರಗತಿಯಲ್ಲಿ ಕೂತ ಮಗುವಿಗೆ ಪುಸ್ತಕದ ಕನ್ನಡ ಅನೇಕ ಸಲ ಎರಡನೆಯ ಭಾಷೆ. ಮನೆಯ ಮಾತು ಹೊಲ, ಮಂದೆ, ಮಳೆ, ಜಾತ್ರೆಗಳ ಸುತ್ತ ತಿರುಗುತ್ತದೆ, ಪಠ್ಯದ ಮಾತು ಬೇರೆಲ್ಲೋ ಇರುತ್ತದೆ. ಇವೆರಡರ ನಡುವೆ ಮಗುವನ್ನು ದಾಟಿಸುವ ಸುಲಭದ ಸಾಧನ ಊರ ಸುದ್ದಿ. ನಿನ್ನೆ ಮನೆಯಲ್ಲಿ ಕುರಿ ಮರಿ ಹಾಕಿದ್ದನ್ನು ತೆಲುಗಿನಲ್ಲಿ ಹೇಳಿದ ಮಗುವಿಗೆ, ಅದನ್ನೇ ಹಲಗೆಯ ಮೇಲೆ ಕನ್ನಡದಲ್ಲಿ ಕಂಡಾಗ ಅಕ್ಷರದ ಉಪಯೋಗ ತಾನಾಗಿ ಅರ್ಥವಾಗುತ್ತದೆ.

ಪ್ರಾರ್ಥನೆಯ ಹೊತ್ತು

ಶಾಲೆಯ ದಿನ ಪ್ರಾರ್ಥನೆಯಿಂದ ಶುರು. 2004ರಲ್ಲಿ ನಾಡಗೀತೆಯೆಂದು ಘೋಷಿತವಾದ ಕುವೆಂಪು ಅವರ ಗೀತೆ, 2023ರಿಂದ ಸೇರಿಕೊಂಡ ಸಂವಿಧಾನ ಪೀಠಿಕೆಯ ಓದು, ಆಮೇಲೆ ಪಂಚಾಂಗ, ಗಾದೆ, ದಿನದ ವಿಶೇಷ, ದಿನಪತ್ರಿಕೆಯ ಮುಖ್ಯ ಸುದ್ದಿ, ಕೊನೆಗೆ ರಾಷ್ಟ್ರಗೀತೆ. ಸುದ್ದಿ ಓದುವ ಸರದಿ ನಾಲ್ಕು, ಐದನೇ ತರಗತಿಯವರದು. ಪತ್ರಿಕೆಯನ್ನು ಮಡಚಿ ಎದೆಮಟ್ಟಕ್ಕೆ ಹಿಡಿದು, ಉಸಿರು ಬಿಗಿಹಿಡಿದು, ದೆಹಲಿಯದೋ ಬೆಂಗಳೂರಿನದೋ ಸುದ್ದಿಯನ್ನು ಜೋರಾಗಿ ಓದುತ್ತಾರೆ. ತಪ್ಪಾದ ಒತ್ತಕ್ಷರವನ್ನು ಟೀಚರ್ ಪಕ್ಕದಿಂದ ಮೆಲ್ಲಗೆ ಹೇಳಿಕೊಡುತ್ತಾರೆ.

ಇದು ಒಳ್ಳೆಯ ರೂಢಿ. ಎಲ್ಲರೆದುರು ನಿಂತು ಓದುವ ಧೈರ್ಯ ಇಲ್ಲಿಂದಲೇ ಬರುತ್ತದೆ. ದೂರದ ಎರಡು ಸುದ್ದಿಯ ಜೊತೆ ಊರಿನದೊಂದು ಸುದ್ದಿ ಸೇರಿದರೆ ಸಾಲಿನಲ್ಲಿ ನಿಂತ ಪುಟ್ಟ ಮಕ್ಕಳೂ ಕಿವಿ ನಿಮಿರಿಸುತ್ತಾರೆ. ಆ ಸುದ್ದಿಯಲ್ಲಿರುವ ಕೆರೆ ಅವರು ಕಂಡ ಕೆರೆ, ಆ ಸುದ್ದಿಯ ಅಜ್ಜಿ ಅವರ ಬೀದಿಯ ಅಜ್ಜಿ.

ಒಳಗೆ ಬಂದರೆ ನಲಿ-ಕಲಿ ಕೊಠಡಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ ತಾವೇ ರೂಪಿಸಿದ ಪದ್ಧತಿ ಇದು. 2009–10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಒಂದು, ಎರಡು, ಮೂರನೇ ತರಗತಿಯವರು ಒಂದೇ ಕೊಠಡಿಯಲ್ಲಿ ಗುಂಪು ಗುಂಪಾಗಿ ಕೂತು, ಕಾರ್ಡು ಹಿಡಿದು, ಕಲಿಕಾ ಏಣಿಯ ಮೆಟ್ಟಿಲನ್ನು ತಮ್ಮ ತಮ್ಮ ವೇಗದಲ್ಲಿ ಏರುತ್ತಾರೆ. ಗೋಡೆಯ ಬುಡದಲ್ಲಿ ಮಕ್ಕಳ ಕೈಗೆಟುಕುವ ಕಪ್ಪು ಪಟ್ಟಿ, ಮೇಲೆ ಅವರ ಚಿತ್ರ, ಬರಹಗಳನ್ನು ನೇತುಹಾಕುವ ದಾರದ ಚಪ್ಪರ.

ಆ ಕೊಠಡಿಯಲ್ಲಿ ಒಂದು ಹವಾಮಾನ ನಕ್ಷೆಯೂ ಇರುತ್ತದೆ. ಇವತ್ತು ಬಿಸಿಲೋ ಮೋಡವೋ ಮಳೆಯೋ ಎಂದು ಮಕ್ಕಳು ದಿನವೂ ಗುರುತು ಹಾಕುತ್ತಾರೆ. ಮಲೆನಾಡಿನಲ್ಲಿ ಅದೊಂದು ಆಟವಾಗಿರಬಹುದು. ಪಾವಗಡದಂಥ ಬರದ ತಾಲ್ಲೂಕಿನಲ್ಲಿ ಜೂನ್, ಜುಲೈ ತಿಂಗಳ ಆ ನಕ್ಷೆ ಊರಿನ ಮುಖ್ಯ ವರದಿ. ಕಡಲೆಕಾಯಿ ಬಿತ್ತಲು ಹದವಾಯಿತೇ ಇಲ್ಲವೇ ಎಂಬ ದೊಡ್ಡವರ ಚಿಂತೆಯನ್ನು ಆರು ವರ್ಷದ ಕೈ ಒಂದು ಹನಿಯ ಚಿತ್ರದಲ್ಲಿ ದಾಖಲಿಸುತ್ತಿರುತ್ತದೆ. ತಿಂಗಳ ಕೊನೆಗೆ ಆ ಹಾಳೆಯನ್ನು ಕಿತ್ತೆಸೆಯದೆ ಜೋಡಿಸಿಟ್ಟರೆ, ಕೆಲವೇ ವರ್ಷದಲ್ಲಿ ಆ ಊರಿನ ಮಳೆಯ ಇತಿಹಾಸ ಶಾಲೆಯಲ್ಲಿ ಸಿದ್ಧವಾಗುತ್ತದೆ.

ಹಾಲು, ಊಟ, ಮೊಟ್ಟೆ

ವಾರದ ಸುದ್ದಿಯಲ್ಲಿ ಅಡುಗೆಮನೆಗೆ ದೊಡ್ಡ ಪಾಲು. 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿದ ಅಕ್ಷರ ದಾಸೋಹದಿಂದ ಬಿಸಿಯೂಟ ಬಂತು. 2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಆರಂಭವಾಗಿ 150 ಮಿಲಿಲೀಟರ್ ಹಾಲು ಬಂತು. ಮೊದಲು ವಾರಕ್ಕೆ ಮೂರು ದಿನವಿದ್ದದ್ದು ಮುಂದೆ ಐದು ದಿನವಾಯಿತು. 2024ರಲ್ಲಿ ಹಾಲಿಗೆ ರಾಗಿ ಮಾಲ್ಟ್ ಜೊತೆಯಾಯಿತು. ಅದೇ ವರ್ಷ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ಮೊಟ್ಟೆ ವಾರದ ಆರು ದಿನಕ್ಕೂ ವಿಸ್ತರಿಸಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು.

ದಿನವೂ ಬೆಳಗ್ಗೆ ಹಾಜರಾತಿ ಫಲಕದಲ್ಲಿ ಒಟ್ಟು, ಹಾಜರು, ಗೈರು ಎಂದು ತರಗತಿವಾರು ಅಂಕಿ ಬರೆಯುತ್ತಾರೆ. ಆ ಅಂಕಿ ನೋಡಿಯೇ ಅಡುಗೆಯಕ್ಕ ಅಕ್ಕಿ ಅಳೆಯುವುದು. ಗೈರಾದ ಮಗುವಿನ ಹೆಸರಿನ ಹಿಂದೆ ಒಂದು ಕಾರಣ ಇರುತ್ತದೆ. ಜ್ವರ, ಜಾತ್ರೆ, ತಂಗಿಯನ್ನು ನೋಡಿಕೊಳ್ಳುವ ಕೆಲಸ, ಅಥವಾ ಅಪ್ಪ ಅಮ್ಮ ಕೂಲಿಗೆಂದು ಬೆಂಗಳೂರಿಗೆ ಹೊರಟದ್ದು. ಇಂಥ ಶಾಲೆಯಲ್ಲಿ ಒಂದು ಮಗು ಬಾರದಿದ್ದರೆ ಎಲ್ಲರಿಗೂ ಗೊತ್ತಾಗುತ್ತದೆ. ಮಧ್ಯಾಹ್ನದೊಳಗೆ ಯಾರಾದರೂ ಮನೆ ಬಾಗಿಲಿಗೆ ಹೋಗಿ ವಿಚಾರಿಸಿ ಬರುತ್ತಾರೆ. ಈ ಕಾಳಜಿ ದೊಡ್ಡ ಶಾಲೆಗಳಿಗೆ ಸುಲಭವಾಗಿ ಸಿಗುವಂಥದ್ದಲ್ಲ.

ನೀರಿನ ಸುದ್ದಿಯೂ ಇದೇ ಅಡುಗೆಮನೆಯದು. ಪಾವಗಡದ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಹಲ್ಲಿನ ಮೇಲೆ ಕಂದು ಕಲೆ, ದೊಡ್ಡವರಲ್ಲಿ ಕೀಲುನೋವು ಆ ಕಡೆಯವರು ಬಲ್ಲ ಕಷ್ಟ. ಶುದ್ಧ ನೀರಿನ ಘಟಕ ಕೆಟ್ಟಿತು, ರಿಪೇರಿಯಾಯಿತು ಎಂಬ ಒಂದು ಸಾಲು ಅಲ್ಲಿ ಆರೋಗ್ಯದ ಸುದ್ದಿ.

ವಾರದ ಕೊನೆ, ವರ್ಷದ ಹಬ್ಬ

ಶನಿವಾರ ಬೆಳಗಿನ ಶಾಲೆ. ಸಾಮೂಹಿಕ ಕವಾಯತು, ಆಟ, ಅರ್ಧ ದಿನಕ್ಕೆ ಬಿಡುವು. ತಿಂಗಳ ಮೂರನೇ ಶನಿವಾರ ಬ್ಯಾಗಿಲ್ಲದ ‘ಸಂಭ್ರಮ ಶನಿವಾರ’. ಶಾಲಾ ಸಂಸತ್ತಿನ ಮಂತ್ರಿಗಳು ತಮ್ಮ ಖಾತೆಯ ಕೆಲಸ ಹೇಳಬೇಕಾದದ್ದು ಇಂಥ ದಿನಗಳಲ್ಲೇ. ವರ್ಷದಲ್ಲೊಮ್ಮೆ ಅನೇಕ ಶಾಲೆಗಳು ಮಕ್ಕಳ ಸಂತೆ ನಡೆಸುತ್ತವೆ. ಮನೆಯ ಹುಣಸೆಹಣ್ಣು, ಸೊಪ್ಪು, ಕಡಲೆಕಾಯಿ ತಂದು ಅಂಗಳದಲ್ಲಿ ಹರಡಿ, ತೂಗಿ, ಚಿಲ್ಲರೆ ಎಣಿಸಿ ಕೊಡುವುದರಲ್ಲಿ ಗಣಿತದ ಒಂದು ಅಧ್ಯಾಯವೇ ಮುಗಿಯುತ್ತದೆ. ಕೊಳ್ಳಲು ಬರುವವರು ಊರಿನವರೇ.

2002–03ರಲ್ಲಿ ಶುರುವಾದ ಪ್ರತಿಭಾ ಕಾರಂಜಿ ಇನ್ನೊಂದು ದೊಡ್ಡ ಸುದ್ದಿ. ಕ್ಲಸ್ಟರ್, ತಾಲ್ಲೂಕು, ಜಿಲ್ಲೆ, ರಾಜ್ಯ ಎಂದು ಮೆಟ್ಟಿಲಿರುವ ಈ ಸ್ಪರ್ಧೆಯಲ್ಲಿ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ ಆದದ್ದರ ಲಾಭ ಕಣ್ಣಿಗೆ ಕಾಣುತ್ತದೆ. ಪಾವಗಡದ ಗಡಿಯೂರಿನ ಹುಡುಗಿ ಜಿಲ್ಲಾ ಮಟ್ಟಕ್ಕೆ ಹತ್ತು ತಾಲ್ಲೂಕಿನವರೊಡನೆ ಸೆಣಸಬೇಕಿಲ್ಲ. ನಾಲ್ಕು ತಾಲ್ಲೂಕಿನೊಳಗೆ ಗೆದ್ದರೆ ಅವಳ ಜನಪದ ಗೀತೆ ರಾಜ್ಯದ ವೇದಿಕೆ ಏರುತ್ತದೆ.

ಇನ್ನು ಎಸ್‌ಡಿಎಂಸಿ ಸಭೆ. 2001ರ ಸರ್ಕಾರಿ ಆದೇಶದಿಂದ ಬಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ಪೋಷಕರೇ ಬಹುಪಾಲು, ಅಧ್ಯಕ್ಷರೂ ಪೋಷಕರೇ. ಸೋರುವ ಮಾಡು, ಮುರಿದ ಗೇಟು, ಶೌಚಾಲಯದ ನೀರು ಇಲ್ಲಿ ಚರ್ಚೆಗೆ ಬರುತ್ತವೆ. ಪಂಚಾಯಿತಿಗಳು ನವೆಂಬರ್ ಆಸುಪಾಸಿನಲ್ಲಿ ನಡೆಸುವ ಮಕ್ಕಳ ಗ್ರಾಮಸಭೆಯಲ್ಲಿ ಇವೇ ಪ್ರಶ್ನೆಗಳನ್ನು ಮಕ್ಕಳು ಪಂಚಾಯಿತಿ ಅಧ್ಯಕ್ಷರ ಮುಂದೆ ನೇರವಾಗಿ ಕೇಳಬಹುದು. ವಾರವಾರ ಬರೆದಿಟ್ಟ ಸುದ್ದಿ ಕೈಯಲ್ಲಿದ್ದರೆ ಆ ಪ್ರಶ್ನೆಗೆ ತಾರೀಕು, ಆಧಾರ ಎರಡೂ ಇರುತ್ತವೆ.

ಗೋಡೆಯೇ ಪತ್ರಿಕೆ

ಮಕ್ಕಳ ಕೈಯ ಪತ್ರಿಕೆಗೆ ನೂರು ವರ್ಷದ ಪರಂಪರೆ ಇದೆ. ದಕ್ಷಿಣ ಫ್ರಾನ್ಸಿನ ಬಾರ್-ಸುರ್-ಲೂ ಎಂಬ ಗುಡ್ಡದ ಹಳ್ಳಿಯಲ್ಲಿ ಸೆಲೆಸ್ತಾಂ ಫ್ರೆನೆ ಎಂಬ ಮೇಷ್ಟ್ರಿದ್ದರು. ಮೊದಲ ಮಹಾಯುದ್ಧದಲ್ಲಿ ಎದೆಗೆ ಗಾಯವಾಗಿ ಅವರಿಗೆ ಹೆಚ್ಚು ಹೊತ್ತು ಜೋರಾಗಿ ಮಾತಾಡಲು ಆಗುತ್ತಿರಲಿಲ್ಲ. ಮಕ್ಕಳನ್ನು ಊರೆಲ್ಲ ಸುತ್ತಾಡಿಸಿ, ಕಂಡದ್ದನ್ನು ಅವರಿಂದಲೇ ಬರೆಸಿ, 1924ರಲ್ಲಿ ತರಗತಿಗೇ ಒಂದು ಪುಟ್ಟ ಮುದ್ರಣ ಯಂತ್ರ ತಂದು ಅಚ್ಚು ಹಾಕಿಸಿದರು. ದೂರದ ಇನ್ನೊಂದು ಹಳ್ಳಿಶಾಲೆಯೊಡನೆ ಆ ಹಾಳೆಗಳ ವಿನಿಮಯವೂ ನಡೆಯಿತು. ನಮ್ಮಲ್ಲೇ, ದುಡಿಯುವ ಮಕ್ಕಳ ಭೀಮ ಸಂಘದ ನಡುವೆ ‘ಭೀಮ ಪತ್ರಿಕೆ’ ಎಂಬ ಗೋಡೆ ಪತ್ರಿಕೆ ಬಂದಿತ್ತು.

ಮಧುಗಿರಿ ಸೀಮೆಯ ಶಾಲೆಗೆ ಯಂತ್ರವೂ ಬೇಡ. ಒಂದು ಡ್ರಾಯಿಂಗ್ ಹಾಳೆ, ನಾಲ್ಕು ಸ್ಕೆಚ್ ಪೆನ್ನು, ಶುಕ್ರವಾರದ ಕೊನೆಯ ಅವಧಿ ಸಾಕು. ಬರೆಯುವುದಕ್ಕೆ ವಿಷಯದ ಬರವಿಲ್ಲ. ಶಿರಾ ತಾಲ್ಲೂಕಿನ ಕಗ್ಗಲಡುವಿಗೆ ಪ್ರತಿ ವರ್ಷ ಬಣ್ಣದ ಕೊಕ್ಕರೆ, ಬೂದು ಬಕಗಳು ಬಂದು ಊರೊಳಗಿನ ಹುಣಸೆ ಮರಗಳಲ್ಲಿ ಗೂಡು ಕಟ್ಟುತ್ತವೆ, ಊರವರೇ ಅವನ್ನು ಕಾಯುತ್ತಾರೆ. ಮಧುಗಿರಿಯ ಮೈದನಹಳ್ಳಿಯಲ್ಲಿ 2007ರಲ್ಲಿ ಘೋಷಣೆಯಾದ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶವಿದೆ. ಮೊದಲ ಕೊಕ್ಕರೆ ಯಾವ ದಿನ ಬಂತು, ಜಿಂಕೆಗಳು ಯಾರ ಹೊಲಕ್ಕೆ ಇಳಿದವು ಎಂಬುದನ್ನು ಆ ಊರಿನ ಮಕ್ಕಳಿಗಿಂತ ಚೆನ್ನಾಗಿ ಬರೆಯಬಲ್ಲವರಿಲ್ಲ.

ಪಾವಗಡದ ತಿರುಮಣಿ, ವಳ್ಳೂರು ಸುತ್ತಮುತ್ತಲ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಉದ್ಯಾನ ಹರಡಿದೆ. ರೈತರು ಜಮೀನು ಮಾರಲಿಲ್ಲ, ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಕೊಟ್ಟರು. ಐದನೇ ತರಗತಿಯ ಮಗು ತನ್ನ ಮನೆಯ ಎಕರೆಯನ್ನು ಅದಕ್ಕೆ ಗುಣಿಸಿ, ಕಡಲೆಕಾಯಿ ಬೆಳೆದಿದ್ದರೆ ಎಷ್ಟಾಗುತ್ತಿತ್ತೆಂದು ಅಜ್ಜನನ್ನು ಕೇಳಿ, ಜಮೀನಿಲ್ಲದ ಕೂಲಿಯವರಿಗೆ ಏನಾಯಿತೆಂದು ಪಕ್ಕದ ಮನೆಯಲ್ಲಿ ವಿಚಾರಿಸಿ ಬರೆದರೆ, ಅದರಲ್ಲಿ ಗಣಿತ, ಪರಿಸರ ಅಧ್ಯಯನ, ಕನ್ನಡ ಮೂರೂ ಇರುತ್ತವೆ.

ಸಂಖ್ಯೆ ಹೇಳದ ಸಂಗತಿ

ಈ ಶಾಲೆಗಳ ಮುಂದೆ ಈಗ ಕಠಿಣ ಪ್ರಶ್ನೆಯಿದೆ. ಹಳದಿ ವ್ಯಾನು ಊರ ಬಾಗಿಲಿಗೆ ಬಂದು ಮಕ್ಕಳನ್ನು ಪಟ್ಟಣದ ಇಂಗ್ಲಿಷ್ ಮಾಧ್ಯಮಕ್ಕೆ ಕರೆದೊಯ್ಯುತ್ತದೆ. ಕೂಲಿಗೆ ಹೊರಟ ಕುಟುಂಬಗಳು ಮಕ್ಕಳನ್ನೂ ಜೊತೆಗೊಯ್ಯುತ್ತವೆ. ದಾಖಲಾತಿ ಇಳಿದಂತೆ ಶಾಲೆಯನ್ನು ಪಕ್ಕದ ಊರಿನದರ ಜೊತೆ ವಿಲೀನ ಮಾಡುವ ಮಾತು ಕೇಳಿಬರುತ್ತದೆ. ಮಕ್ಕಳ ಸಂಖ್ಯೆ ತೀರಾ ಕಡಿಮೆಯಾದರೆ ಕಲಿಕೆಗೆ ತೊಂದರೆ ಎಂಬ ವಾದದಲ್ಲಿ ಸತ್ಯವಿದೆ. ಜೊತೆಗಾರರಿಲ್ಲದ ತರಗತಿಯಲ್ಲಿ ಮಗು ಆಟವಾಡುವುದಾದರೂ ಯಾರೊಡನೆ? ಆದರೆ ಆರು ವರ್ಷದ ಹೆಣ್ಣುಮಗು ನಡೆದು ಹೋಗಬಲ್ಲ ದೂರದಲ್ಲಿ ಶಾಲೆ ಇದ್ದುದರಿಂದಲೇ ಮೊದಲ ತಲೆಮಾರಿನ ಎಷ್ಟೋ ಮಂದಿ ಓದಿದರು ಎಂಬುದೂ ಅಷ್ಟೇ ಸತ್ಯ.

ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಶಾಲೆಯೊಂದು ಮಕ್ಕಳ ಸಂಖ್ಯೆ, ಕೊಠಡಿ, ಶಿಕ್ಷಕರ ಹುದ್ದೆಗಳಾಗಿ ಕಾಣುತ್ತದೆ. ಆ ಕೋಷ್ಟಕದಲ್ಲಿ ಮಕ್ಕಳ ಸಂತೆ ಇಲ್ಲ, ಗೈರಾದವನ ಮನೆಗೆ ಹೋದ ಟೀಚರ್ ಇಲ್ಲ, ತೆಲುಗಿನಿಂದ ಕನ್ನಡಕ್ಕೆ ದಾಟಿದ ಮಗುವಿಲ್ಲ. ಇವನ್ನು ತೋರಿಸಬಲ್ಲದ್ದು ವಾರದ ಸುದ್ದಿ ಹಾಳೆ. ಅದರ ಒಂದು ಪ್ರತಿ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಹೋಗಲಿ, ಊರವರು ಓದಲಿ. ಕ್ಲಸ್ಟರಿನ ಸಮಾಲೋಚನಾ ಸಭೆಗೆ ಬರುವ ಶಿಕ್ಷಕರು ತಮ್ಮ ತಮ್ಮ ಶಾಲೆಯ ಹಾಳೆಗಳನ್ನು ಅದಲುಬದಲು ಮಾಡಿಕೊಳ್ಳಲಿ. ಕೊರಟಗೆರೆಯ ಮಕ್ಕಳು ಪಾವಗಡದ ಸೌರ ಫಲಕಗಳ ಬಗ್ಗೆ, ಪಾವಗಡದ ಮಕ್ಕಳು ಕಗ್ಗಲಡುವಿನ ಕೊಕ್ಕರೆಯ ಬಗ್ಗೆ ತಮ್ಮ ವಯಸ್ಸಿನವರೇ ಬರೆದದ್ದನ್ನು ಓದಲಿ. ವರ್ಷದ ಕೊನೆಗೆ ಹಾಳೆಗಳನ್ನು ಹೊಲಿದು ಪುಸ್ತಕ ಮಾಡಿ ಎಸ್‌ಡಿಎಂಸಿ ಸಭೆಯ ಮುಂದಿಡಲಿ. ಈ ಶಾಲೆ ಊರಿಗೆ ಬೇಕೇ ಎಂದು ಯಾರಾದರೂ ಕೇಳಿದ ದಿನ, ಉತ್ತರ ಕೊಡಲು ಆ ಊರಿನ ಮಕ್ಕಳ ಕೈಬರಹವೇ ಮುಂದೆ ಬರುತ್ತದೆ. ಅಂಥ ಸಾಕ್ಷಿ ಕಟ್ಟುವ ಕೆಲಸ ಬರುವ ಶುಕ್ರವಾರವೇ ಶುರುವಾಗಬಹುದು.